ಕುವೈತ್ ಆಪಾ

ಆಕೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಲಿಂಗಸೂಗೂರಿನಲ್ಲಿ ಬಹಳ ಜನರಿಗೆ ಗುರುತು ಹತ್ತಲಿಕ್ಕಿಲ್ಲ. ಊರಿಗೆಲ್ಲ ಆಕೆ ಕುವೈತ್ ಆಪಾ, ಕುವೈತಿನ ಅಕ್ಕ. ತೊಂಬತ್ತರ ಇಸವಿಯ ನಂತರ ಹಾಗೆ ಕರೆದವರಿಗೆ ಆಕೆ ಓಗೊಡುವುದನ್ನೇ ಬಿಟ್ಟಳು. ಹಾಗಾಗಿ ಕೊನೆಗೆ ಬರೀ ಆಪಾ ಎಂದು ಉಳಿದಳು. ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಮಣ್ಣಿಗೆ ಬಂದ ಗಂಡಸರಲ್ಲಿ ಅರ್ಧದಷ್ಟು ಜನ ಒಂದಲ್ಲ ಒಂದು ಕಾಲಕ್ಕೆ ಆಕೆಯ ಮನೆಯ ಕಟ್ಟೆಯ ಮೇಲೆ ಕೂತು, ವಿಮಾನ ಹತ್ತುವುದು ಹೇಗೆ, ಇಳಿದ ಮೇಲೆ ಏನು ಮಾಡಬೇಕು ಎಂದು ಕೇಳಿ ತಿಳಿದವರಂತೆ. ಮಣ್ಣಿಗೆ ಹೋಗಿ ಬಂದವರು ಹೇಳಿದರು.

ಎಂಬತ್ತರ ದಶಕದಲ್ಲಿ ನಾನು ಲಿಂಗಸೂಗೂರಿನ ಪ್ರಾಥಮಿಕ ಶಾಲೆಯಲ್ಲಿ ಟೀಚರು, ಮಂದಿಯ ಬಾಯಲ್ಲಿ ಅಕ್ಕೋರು. ನಮ್ಮ ಮನೆಗೂ ಆಕೆಯ ಮನೆಗೂ ನಡುವೆ ಒಂದೇ ಗೋಡೆ. ಗೋಡೆ ಎಷ್ಟು ಗಿಡ್ಡವೆಂದರೆ ಸಾರಿನ ಬಟ್ಟಲು ಆಚೆ ಈಚೆ ದಾಟುತ್ತಿತ್ತು. ಆಪಾ ಎತ್ತರದ ಆಳು, ಹೊಲಿಗೆ ಮಷೀನಿನ ಮುಂದೆ ಕೂತರೂ ನಿಂತ ಹಾಗೆ ಕಾಣುತ್ತಿದ್ದಳು. ಗಂಡ ಬಹಳ ಹಿಂದೆಯೇ ಬಿಟ್ಟುಹೋಗಿದ್ದ. ಎಂಬತ್ತರ ದಶಕದ ಮೊದಲಿಗೆ ಅಡುಗೆ ಕೆಲಸಕ್ಕೆಂದು ಕುವೈತಿಗೆ ಹೋಗಿ, ಎರಡೂವರೆ ವರ್ಷ ಇದ್ದು ಬಂದಳು. ಬಂದವಳು ಒಂದು ಕೋಣೆ ಕಟ್ಟಿಸಿದಳು, ಮಷೀನು ಹಾಕಿದಳು, ಜಂಪರು ಹೊಲಿಯತೊಡಗಿದಳು. ಮಾತಾಡುವಾಗ ಕತ್ತರಿ ಕೈಯಲ್ಲೇ ಇರುತ್ತಿತ್ತು. ಪರದೇಶದ ಊರಿನ ಓಣಿಗಳನ್ನು, ಸಮುದ್ರವನ್ನು, ಪೇಟೆಯನ್ನು ಆ ಕತ್ತರಿಯ ತುದಿಯಿಂದಲೇ ಗಾಳಿಯಲ್ಲಿ ತೋರಿಸುತ್ತಿದ್ದಳು.

ಶುಕ್ರವಾರ ಮಧ್ಯಾಹ್ನ ಆ ಕಟ್ಟೆ ತುಂಬುತ್ತಿತ್ತು. ರಜೆಯ ಮೇಲೆ ಊರಿಗೆ ಬಂದವರು, ಹೋಗಲು ಪಾಸ್‌ಪೋರ್ಟಿಗೆ ಕಾಯುತ್ತಿದ್ದವರು, ಹೋದವರ ಹೆಂಡಿರು. ಸಿಂಧನೂರಿನ ರೈಸ್‌ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದು ದುಬೈ ಸೇರಿದ್ದವನೊಬ್ಬ, ಮಸ್ಕತ್‌ನಲ್ಲಿ ಲಾರಿ ಓಡಿಸುತ್ತಿದ್ದ ಮುದಗಲ್ಲಿನವನೊಬ್ಬ, ಇಬ್ಬರೂ ರಜೆಗೆ ಬಂದರೆ ಒಂದು ದಿನವಾದರೂ ಇಲ್ಲಿ ಕೂತು ಜಗಳಾಡಿಯೇ ಹೋಗಬೇಕು.

“ಊಟಕ್ಕಾದ್ರ ಮಸ್ಕತ್‌ರಿ. ಮಲಬಾರಿ ಹೋಟೆಲ್‌ನ್ಯಾಗ ಅನ್ನ ಎಷ್ಟು ಕೇಳಿದ್ರೂ ಹಾಕ್ತಾರ” ಎಂದು ಮುದಗಲ್ಲಿನವ ಅನ್ನುವನು.

“ಅನ್ನ ಹಾಕ್ತಾರ, ರೊಟ್ಟಿ ಹಾಕ್ತಾರೇನಪಾ? ದುಬೈದಾಗ ನಮ್ಮ ರೂಮಿನ್ಯಾಗ ಜ್ವಾಳದ ಹಿಟ್ಟು ಅದ. ಊರಿಂದ ಬರಾವ್ರು ಒಬ್ಬೊಬ್ಬರು ಒಂದೊಂದು ಚೀಲ ತರಬೇಕು ಅಂತ ಕರಾರು ಮಾಡೀವಿ.”

ಆಮೇಲೆ ವಿಮಾನದ ಮಾತು. ಬೊಂಬಾಯಿಯಿಂದ ನೇರ ಹೋಗುವುದನ್ನೇ ಹಿಡಿಯಬೇಕು, ನಡುವೆ ಇಳಿಸುವುದನ್ನು ಹಿಡಿದರೆ ಪೆಟ್ಟಿಗೆ ಒಂದೂರಿಗೆ ನಾವು ಒಂದೂರಿಗೆ ಹೋಗುತ್ತೇವೆ. ಕಿಟಕಿ ಸೀಟು ಕೇಳಬಾರದು, ಪಾಯಖಾನೆಗೆ ಏಳಬೇಕಾದರೆ ಇಬ್ಬರನ್ನು ದಾಟಬೇಕು. ಉಪ್ಪಿನಕಾಯಿಯ ಭರಣಿಗೆ ಎಣ್ಣೆಬಟ್ಟೆ ಸುತ್ತಿ ಅರಿವೆಯ ನಡುವೆ ಇಡಬೇಕು. ಎಲ್ಲರ ಮಾತು ಮುಗಿದ ಮೇಲೆ ಆಪಾ ಕತ್ತರಿ ಎತ್ತುವಳು. ಅವಳು ಎತ್ತಿದರೆ ಕಟ್ಟೆ ಸುಮ್ಮನಾಗುತ್ತಿತ್ತು.

“ಕುವೈತ್ ಅಂದ್ರ ಕುವೈತ್. ಸಮುದ್ರದ ದಂಡಿಗೆ ಗೋಪುರ ಅದಾವ, ಒಳಗ ಚೆಂಡು ಪೋಣಿಸಿದಂಗ ನೀಲಿ ಗುಂಡು. ಸಂಜಿಮುಂದ ಜನ ಮಕ್ಕಳನ್ನ ಕರಕೊಂಡು ಅಲ್ಲಿ ಬರ್ತಾರ. ಅಲ್ಲಿಂದ ಬಲಕ್ಕ ಹೊಳ್ಳಿದ್ರ ಇರಾನಿ ಭಟ್ಟಿ. ಬಿಸಿ ಖುಬೂಸ್ ತಗೋರಿ, ನಮ್ಮ ರೊಟ್ಟಿಗಿಂತ ದೊಡ್ಡದು, ಒಬ್ಬರಿಗೆ ಒಂದು ಸಾಕು. ಸುಟ್ಟ ಮೀನು ಬೇಕಾದ್ರ ಬಂದರದ ಕಡಿ ಹೋಗ್ರಿ. ಹೆಣ್ಣುಮಕ್ಕಳು ಒಬ್ಬೊಬ್ಬರ ಅಡ್ಡಾಡ್ತಾರ, ಯಾರೂ ಕಣ್ಣೆತ್ತಿ ನೋಡಂಗಿಲ್ಲ.”

ಇದನ್ನೆಲ್ಲ ಗೋಡೆಯ ಈಚೆ ಕೂತು ನಮ್ಮವರು ಕೇಳುತ್ತಿದ್ದರು. ಬಸ್‌ಸ್ಟ್ಯಾಂಡಿನ ಹತ್ತಿರದ ಗ್ಯಾರೇಜಿನಲ್ಲಿ ಅವರು ಮೆಕ್ಯಾನಿಕ್. ಕೈಯ ಗ್ರೀಸ್ ಒರೆಸುವುದನ್ನೂ ಮರೆತು ಕೇಳುತ್ತಿದ್ದರು. ಅವರ ಮುಖ ನೋಡಿ ನಾನು ಒಳಗೆ ಎದ್ದು ಹೋಗುತ್ತಿದ್ದೆ. ನಮಗೆ ಮೂರು ವರ್ಷದ ಮಗಳಿದ್ದಳು. ಎಂಬತ್ತೊಂಬತ್ತರ ಬೇಸಿಗೆಯಲ್ಲಿ ಒಂದು ಶುಕ್ರವಾರ ಅವರು ಗೋಡೆಗೆ ಮೊಳಕೈ ಊರಿ ಕೇಳಿಯೇ ಬಿಟ್ಟರು.

“ಆಪಾ, ಎರಡೂ ಕಡಿ ಕೆಲಸ ಅದ ಅಂತಾರ. ಮಸ್ಕತ್ತೋ, ಕುವೈತೋ?”

“ಕುವೈತ್” ಎಂದಳು ಆಕೆ. “ಕೇಳೋದೇನು?”

ನಾನು ಒಳಗಿನಿಂದ ಬಂದು ನಿಂತೆ. “ಆಪಾ, ಇವರ ಜಾಗಾದಾಗ ನಿಮ್ಮ ತಮ್ಮ ಇದ್ರ ಕಳಸ್ತಿದ್ರೇನ್ರಿ?”

ಆಕೆ ಕತ್ತರಿಯನ್ನು ಮಡಿಲಲ್ಲಿಟ್ಟುಕೊಂಡಳು. “ಕಳಸ್ತಿದ್ದೆ ಅಕ್ಕೋರ” ಎಂದಳು.

ನಮ್ಮವರು ಕುವೈತಿನ ಒಂದು ಗ್ಯಾರೇಜಿಗೆ ಹೋದರು. ಅವರು ಹೋದ ನಾಲ್ಕು ತಿಂಗಳಿಗೆ ಅವರ ಕೈಕೆಳಗೆ ಕೆಲಸ ಕಲಿತಿದ್ದ ಮಸ್ಕಿಯ ಹುಡುಗನೂ ಅದೇ ಗ್ಯಾರೇಜಿಗೆ ಹೋದ. ಹುಡುಗ ಅಂದರೂ ಇಪ್ಪತ್ಮೂರು ವಯಸ್ಸು, ಗಟ್ಟಿ ಆಳು. ಅವನ ತಂದೆಗೆ ಮಸ್ಕಿಯಲ್ಲಿ ಸೈಕಲ್ ಅಂಗಡಿ. ಮಗನನ್ನು ಕಳಿಸುವ ಮೊದಲು ಅವರು ಆಪಾನ ಕಟ್ಟೆಗೆ ಬಂದಿದ್ದರು. ಮಾತು ಕಡಿಮೆಯ ಮನುಷ್ಯ. ಒಂದು ತಾಸು ಕೂತು ಕೇಳಿ, ಎದ್ದು ಹೋಗುವಾಗ, “ನೀ ಕಂಡೀದಿ ಆಪಾ, ಸಾಕು ನನಗ” ಎಂದರು. ಹಾಗೆ ಆಕೆಯ ಮಾತು ಕೇಳಿ ಆ ಊರಿಗೆ ಹೋದವರು ನಮ್ಮ ಸುತ್ತಿನಲ್ಲಿ ಒಟ್ಟು ಏಳು ಜನ.

ತೊಂಬತ್ತರ ಆಗಸ್ಟಿನಲ್ಲಿ ಕುವೈತಿಗೆ ಇರಾಕಿನ ಸೈನ್ಯ ನುಗ್ಗಿದ ಸುದ್ದಿ ನನಗೆ ಗೊತ್ತಾದದ್ದು ಶಾಲೆಯಲ್ಲಿ. ಹೆಡ್‌ಮಾಸ್ಟರು ರೇಡಿಯೋ ಹಿಡಿದುಕೊಂಡೇ ತರಗತಿಯ ಬಾಗಿಲಿಗೆ ಬಂದರು. ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದೆ. “ಅಕ್ಕೋರ, ನಿಮ್ಮ ಮನಿಯವರು ಇರೋದು ಕುವೈತ್‌ದಾಗ ಅಲ್ಲೇನ್ರಿ?” ಎಂದರು. ನಾನು ಹೌದು ಎಂದೆ. ಅವರು ರೇಡಿಯೋವನ್ನು ನನ್ನ ಮೇಜಿನ ಮೇಲಿಟ್ಟರು.

ಫೋನಿಲ್ಲ, ತಂತಿಯಿಲ್ಲ, ಕಾಗದವಿಲ್ಲ. ಅತ್ತೆ ಅನ್ನ ಬಿಟ್ಟರು. ಮೂರನೆಯ ದಿನ ಏಳು ಮನೆಯವರೂ ಆಪಾನ ಅಂಗಳದಲ್ಲಿ ಸೇರಿದರು. ಯಾರು ಯಾರನ್ನೂ ಕರೆದಿರಲಿಲ್ಲ. ಆ ಊರು ಕಂಡವಳು ಅವಳೊಬ್ಬಳೇ ಎಂದು ಎಲ್ಲರ ಕಾಲು ಅಲ್ಲಿಗೇ ನಡೆದವು. ಮಸ್ಕಿಯ ಸೈಕಲ್ ಅಂಗಡಿಯವರು ಮಗನ ಕೊನೆಯ ಕಾಗದವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ಎಲ್ಲರ ಮುಂದೆ ಕೂತು ಕಾಗದ ಬಿಚ್ಚಿದರು.

“ಆಪಾ, ಗ್ಯಾರೇಜು ಫಹಾಹೀಲ್ ಅನ್ನೋ ಕಡಿ ಅದ ಅಂತ ಬರದಾನ. ಅಲ್ಲಿಂದ ಊರ ಹೊರಗ ಬೀಳಾಕ ದಾರಿ ಹೆಂಗದ? ಸೈನ್ಯ ಬಂದದ್ದು ಯಾವ ಕಡಿಂದ? ನಮ್ಮ ಹುಡುಗರು ಅದರ ಬಾಯಿಗೆ ಬೀಳತಾರೋ, ಬಾಜು ಉಳಿತಾರೋ?”

ಆಪಾ ಕತ್ತರಿ ಎತ್ತಿದಳು. ಅದು ಗಾಳಿಯಲ್ಲಿ ನಿಂತಿತು. ನಾನು ಆಕೆಯ ಕೈಯನ್ನೇ ನೋಡುತ್ತಿದ್ದೆ. ಕತ್ತರಿಯನ್ನು ಮಷೀನಿನ ಮೇಲಿಟ್ಟಳು.

“ಗೊತ್ತಿಲ್ಲ ಅಣ್ಣಾರ.”

“ಗೊತ್ತಿಲ್ಲಂದ್ರ? ನೀ ಇದ್ದ ಊರು.”

“ಊರಾಗಿದ್ದಿಲ್ಲ ನಾನು. ಒಂದ ಮನಿಯಾಗಿದ್ದೆ.” ಆಕೆಯ ದನಿ ತೀರ ಕೆಳಗಿತ್ತು, ಹಿಂದೆ ನಿಂತವರು ಮುಂದಕ್ಕೆ ಬಂದರು. “ಹೊಡಿಲಿಲ್ಲ, ಬಡಿಲಿಲ್ಲ. ಹೊಟ್ಟಿತುಂಬ ಹಾಕ್ತಿದ್ರು. ಹೊರಗ ಬಿಡ್ತಿದ್ದಿಲ್ಲ. ಬಾಗಿಲ ಕೀಲಿ ಮಾಲಕಿ ಸೊಂಟದಾಗ ಇರ್ತಿತ್ತು. ವಿಮಾನ ಇಳಿದ ದಿನ ಕಾರಿನ ಕಿಡಕ್ಯಾಗಿಂದ ಗೋಪುರ ಕಂಡ್ವು. ಹೊಳ್ಳಿ ಬರೋ ದಿನ ಮತ್ತ ಕಂಡ್ವು. ಅಷ್ಟ ನಾ ನೋಡಿದ್ದು. ಉಳಿದದ್ದೆಲ್ಲ ಆ ಮನಿ ಡ್ರೈವರ್ ಹೇಳಿದ್ದು. ಹೈದರಾಬಾದಿನಾವ. ಚಾ ಕುಡಿಯಾಕ ಅಡಿಗಿಮನಿ ಕಿಡಕಿ ಹತ್ರ ನಿಂತಾಗ ದಿನಾ ಒಂದೊಂದು ಓಣಿ ಹೇಳ್ತಿದ್ದ.”

ಮೊದಲು ಎದ್ದವರು ನಮ್ಮತ್ತೆ. ಆಕೆಯ ಹತ್ತಿರ ಹೋಗಿ ನಿಂತರು. ಹೊಡೆಯುತ್ತಾರೆ ಎಂದು ನಾನು ಅಂದುಕೊಂಡೆ. ಆಪಾ ಕೂಡ ಹಾಗೇ ಅಂದುಕೊಂಡಿರಬೇಕು, ಮುಖ ತಗ್ಗಿಸದೆ ಕೂತಿದ್ದಳು.

“ಕುರುಡಿ ಆಗಿದ್ರ ಕುರುಡಿ ಅಂತ ಹೇಳಬೇಕಿತ್ತು. ಒಬ್ಬನೇ ಮಗ ನನಗ” ಎಂದರು ಅತ್ತೆ. ಅಷ್ಟೇ ಹೇಳಿ ಹೊರಗೆ ನಡೆದರು.

ಸೈಕಲ್ ಅಂಗಡಿಯವರು ಕಾಗದವನ್ನು ಇದ್ದ ಮಡಿಕೆಯಲ್ಲೇ ಮಡಿಸಿ ಜೇಬಿಗಿಟ್ಟುಕೊಂಡರು. ಮರುದಿನದಿಂದ ಹೊಲಿಯಲು ಕೊಟ್ಟ ಬಟ್ಟೆಗಳನ್ನು ಜನ ಒಬ್ಬೊಬ್ಬರಾಗಿ ಬಂದು ವಾಪಸು ಒಯ್ದರು. ಕತ್ತರಿಸಿದ್ದನ್ನೂ ಒಯ್ದರು. ನಾನು ಗೋಡೆಯ ಕಡೆ ನೋಡುವುದನ್ನು ಬಿಟ್ಟೆ. ಮಷೀನಿನ ಸಪ್ಪಳ ನಿಂತಿತ್ತು, ಅದು ನಿಂತದ್ದು ನನಗೆ ದಿನವಿಡೀ ಕೇಳಿಸುತ್ತಿತ್ತು. ಅಂಥ ಸಿಟ್ಟನ್ನು ನಾನು ಅದಕ್ಕಿಂತ ಮೊದಲು ಯಾರ ಮೇಲೂ ಮಾಡಿಕೊಂಡಿರಲಿಲ್ಲ. ನಾನೇ ಕೇಳಿದ್ದೆನಲ್ಲ, ತಮ್ಮನಾಗಿದ್ದರೆ ಕಳಿಸುತ್ತಿದ್ದಿರಾ ಎಂದು.

ಮೂರು ನಾಲ್ಕು ವಾರ ಹೀಗೇ ಕಳೆದ ಮೇಲೆ ರೇಡಿಯೋದಲ್ಲಿ ಬೇರೆ ಸುದ್ದಿ ಬರತೊಡಗಿತು. ನಮ್ಮ ಜನ ಇರಾಕು ದಾಟಿ, ಮರುಭೂಮಿ ದಾಟಿ, ಜೋರ್ಡಾನ್ ದೇಶದ ಡೇರೆಗಳಿಗೆ ಬಂದು ಸೇರುತ್ತಿದ್ದಾರೆ. ಅಲ್ಲಿಂದ ಸರ್ಕಾರ ಅವರನ್ನು ವಿಮಾನದಲ್ಲಿ ಬೊಂಬಾಯಿಗೆ ತರುತ್ತಿದೆ. ದಿನಕ್ಕೆ ಇಷ್ಟು ವಿಮಾನ ಎಂದು ಲೆಕ್ಕ ಹೇಳುತ್ತಿದ್ದರು, ಹೆಸರು ಹೇಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಆಪಾ ನಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಒಂದು ರಟ್ಟಿನ ಹಾಳೆ. ಅತ್ತೆ ಹೊಸ್ತಿಲಲ್ಲಿ ಕೂತಿದ್ದರು, ಸರಿದು ದಾರಿ ಬಿಡಲಿಲ್ಲ. ಆಕೆ ಹೊರಗೇ ನಿಂತಳು.

“ಅಕ್ಕೋರ, ನಾ ಬೊಂಬಾಯಿಗೆ ಹೊಂಟೀನಿ. ಏರ್‌ಪೋರ್ಟಿನ ಬಾಗಲದಾಗ ನಿಂದ್ರತೀನಿ. ಏಳೂ ಮಂದಿ ಹೆಸರು ದೊಡ್ಡದಾಗಿ ಬರದು ಕೊಡ್ರಿ. ಕನ್ನಡದಾಗ ಒಮ್ಮೆ, ಇಂಗ್ಲಿಷಿನ್ಯಾಗ ಒಮ್ಮೆ.”

ನಾನು ರಟ್ಟು ಇಸಿದುಕೊಂಡೆ. ಐದು ಹೆಸರು ಬರೆದು, ಆರನೆಯದಾಗಿ ನಮ್ಮವರ ಹೆಸರು ಬರೆಯುವಾಗ ಕೈ ಮುಂದಕ್ಕೆ ಹೋಗಲಿಲ್ಲ. “ನಾನೂ ಬರ್ತೀನಿ” ಎಂದೆ.

ಅತ್ತೆ ನನ್ನ ಕಡೆ ತಿರುಗಿದರು. ಬೇಡ ಅನ್ನುತ್ತಾರೆ ಎಂದುಕೊಂಡೆ. “ಹೋಗವಾ. ಕೂಸನ್ನ ನಾ ನೋಡ್ಕೊಂತೀನಿ” ಎಂದರು. ಆಮೇಲೆ ಆಪಾನಿಗೆ ಕೇಳುವ ಹಾಗೆ ಹೇಳಿದರು, “ಆಕಿ ಹೇಳಿದ್ದ ಕೇಳಿ ಬರಬ್ಯಾಡ. ನಿನ ಕಣ್ಣಿಂದ ನೋಡಿ ಬಾ.”

ರಾಯಚೂರಿನಿಂದ ರೈಲು. ಜನರಲ್ ಡಬ್ಬಿಯಲ್ಲಿ ಬಾಗಿಲ ಹತ್ತಿರ ಕೂತೆವು. ಗುಲ್ಬರ್ಗಾ ದಾಟುವವರೆಗೆ ನಾನು ಆಕೆಯೊಡನೆ ಮಾತಾಡಲಿಲ್ಲ. ಆಮೇಲೆ ತಡೆಯಲಾಗದೆ ಕೇಳಿದೆ.

“ಯಾಕ ಹಂಗ ಹೇಳಿದ್ರಿ ಆಪಾ?”

ಆಕೆ ರಟ್ಟನ್ನು ಮಡಿಲಿಗೆಳೆದುಕೊಂಡಳು. “ಬಂದ ದಿನ ಓಣಿ ಮಂದಿ ಎಲ್ಲ ಬಂದು, ಊರು ಹೆಂಗದ ಅಂತ ಕೇಳಿದ್ರು. ಎರಡೂವರಿ ವರ್ಷ ಒಂದ ಬಾಗಲದ ಒಳಗ ಇದ್ದೆ ಅಂದ್ರ ಮಂದಿ ಏನೇನು ತಿಳಕೊಂತಾರ, ನಿಮಗ ಗೊತ್ತದ. ಗಂಡ ಬಿಟ್ಟಾಕಿ ಬ್ಯಾರೆ. ಅದಕ್ಕ ಡ್ರೈವರ್ ಹೇಳಿದ ಊರು ಹೇಳಿದೆ. ಹೇಳಿ ಹೇಳಿ ನನಗೂ ಅಲ್ಲಿ ಅಡ್ಡಾಡಿದಂಗ ಅನಿಸ್ತಿತ್ತು ಅಕ್ಕೋರ. ಖುಷಿ ಆಕ್ಕಿತ್ತು.” ಆಮೇಲೆ, “ಬೊಂಬಾಯಿನೂ ನನಗ ಗೊತ್ತಿಲ್ಲ. ಇಳಿದ ಮ್ಯಾಲ ಕೇಳ್ಕೋತ ಹೋಗೋಣು” ಎಂದಳು.

ಹಾಗೇ ಮಾಡಿದೆವು. ಪೊಲೀಸನನ್ನು ಕೇಳಿದೆವು, ಹೂ ಮಾರುವವಳನ್ನು ಕೇಳಿದೆವು. ಯಾತ್ರಿಕರು ಇಳಿಯುವ ಒಂದು ಮುಸಾಫಿರಖಾನೆಯಲ್ಲಿ ಜಾಗ ಸಿಕ್ಕಿತು. ಬೆಳಿಗ್ಗೆ ಎದ್ದರೆ ವಿಮಾನ ನಿಲ್ದಾಣ. ಹಗ್ಗ ಕಟ್ಟಿದ್ದರು, ಹಗ್ಗದ ಈಚೆ ನಮ್ಮಂಥವರು ನೂರಾರು ಜನ, ಮಲಯಾಳಿಗಳು, ಪಂಜಾಬಿಗಳು, ಆಂಧ್ರದವರು, ಎಲ್ಲರ ಕೈಯಲ್ಲೂ ಹೆಸರಿನ ಹಲಗೆ. ಗಾಜಿನ ಬಾಗಿಲು ತೆರೆದಾಗೆಲ್ಲ ಜನ ಒಮ್ಮೆಲೇ ಉಸಿರು ಹಿಡಿಯುತ್ತಿದ್ದರು. ಬರುವವರ ಕೈ ಖಾಲಿ. ಸುಟ್ಟ ಮುಖ, ಒಡೆದ ತುಟಿ. ಪರದೇಶದಿಂದ ಬರುವವರು ಎಂದರೆ ಟೇಪ್‌ರೆಕಾರ್ಡರು, ಕಂಬಳಿ, ಅತ್ತರು ಎಂದು ನಾವು ತಿಳಿದವರು. ಒಬ್ಬಾತ ಬರಿಗಾಲಲ್ಲಿ ಬಂದ.

ಆಪಾ ಹಗ್ಗದ ತುದಿಯಲ್ಲಿ ನಿಂತು ಪ್ರತಿಯೊಬ್ಬರನ್ನೂ ಕೇಳುತ್ತಿದ್ದಳು. ದಖನಿ ಉರ್ದುವಿನಲ್ಲಿ, ಕನ್ನಡದಲ್ಲಿ, ಅಡುಗೆಮನೆಯಲ್ಲಿ ಕಲಿತ ಅರಬ್ಬಿಯಲ್ಲಿ. ಯಾವ ದಾರಿಯಿಂದ ಬಂದಿರಿ, ಎಷ್ಟು ದಿನ ಹಿಡಿಯಿತು, ನೀರು ಎಲ್ಲಿ ಸಿಗುತ್ತದೆ, ಡೇರೆಗಳು ಎಷ್ಟಿವೆ, ವಿಮಾನಕ್ಕೆ ಹೆಸರು ಯಾರು ಬರೆದುಕೊಳ್ಳುತ್ತಾರೆ. ಎರಡನೆಯ ದಿನಕ್ಕೆ ಹಗ್ಗದ ಈಚೆಯವರು ಆಕೆಯ ಸುತ್ತ ಸೇರತೊಡಗಿದರು. ಆಕೆ ಪ್ರತಿ ಮಾತಿಗೂ ಮೊದಲು ಬೆರಳು ಮಾಡಿ ತೋರಿಸುತ್ತಿದ್ದಳು, ಇದನ್ನು ಹೇಳಿದವನು ಆ ನೀಲಿ ಅಂಗಿಯವನು, ಇದನ್ನು ಹೇಳಿದವಳು ಆ ನರ್ಸಮ್ಮ, ನಾನು ನೋಡಿಲ್ಲ. ಒಬ್ಬ ಮಲಯಾಳಿ ಮುದುಕಿ ಭಾಷೆ ತಿಳಿಯದೆಯೂ ಆಕೆಯ ಸೆರಗು ಹಿಡಿದು ನಿಲ್ಲುತ್ತಿದ್ದಳು.

ಆರು ದಿನದಲ್ಲಿ ನಮ್ಮೂರ ಕಡೆಯ ಏಳು ಜನರಲ್ಲಿ ನಾಲ್ವರು ಬಂದರು. ಒಬ್ಬೊಬ್ಬ ಬಂದಾಗಲೂ ರಟ್ಟಿನ ಮೇಲೆ ಆ ಹೆಸರಿಗೆ ಆಕೆ ಅಡ್ಡಗೆರೆ ಎಳೆದು, ಊರ ಕಡೆಯ ರೈಲು ಹತ್ತಿಸಿ ಬರುತ್ತಿದ್ದಳು. ಏಳನೆಯ ದಿನ ಗುಲ್ಬರ್ಗಾ ಕಡೆಯ ಒಬ್ಬ ಅಡುಗೆಯವನು ನಮ್ಮ ರಟ್ಟನ್ನು ಓದಿ ನಿಂತ. ನಮ್ಮವರ ಹೆಸರಿನ ಮೇಲೆ ಬೆರಳಿಟ್ಟ.

“ಈ ಉಸ್ತಾದ್ ಡೇರೆದಾಗ ಅದಾರ. ಅವರ ಜೋಡಿ ಇದ್ದ ಹುಡುಗಗ ಮೈಯಾಗ ಹುಷಾರಿಲ್ಲ. ಭೇದಿ ಹತ್ತಿ ಕುಂದ್ರಾಕೂ ಬರವಲ್ಲದು. ವಿಮಾನಕ್ಕ ಇವರ ಹೆಸರು ಕೂಗಿದ್ರು. ಹುಡುಗನ್ನ ಬಿಟ್ಟು ಬರಂಗಿಲ್ಲ ಅಂತ ಅಲ್ಲೇ ನಿಂತಾರ. ಅವರ ಸೀಟಿನ್ಯಾಗ ನಾ ಬಂದೆ.”

ಆತ ಕೈಮುಗಿದ. ನಾನು ಆ ಕೈಗಳನ್ನು ನೋಡಿದೆ, ತಿರುಗಿ ಮುಗಿಯಲು ನನ್ನಿಂದ ಆಗಲಿಲ್ಲ. ಬದುಕಿದ್ದಾರೆ ಎಂಬುದೊಂದು ಕಡೆ, ಬರಬಹುದಾಗಿದ್ದವರು ಬಂದಿಲ್ಲ ಎಂಬುದೊಂದು ಕಡೆ. ಆ ಮಸ್ಕಿಯ ಹುಡುಗನ ಮೇಲೆ ನನಗೆ ಬಂದ ಸಿಟ್ಟನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

“ಬರ್ತಾರೇನ್ರಿ ಆಪಾ?” ಎಂದು ಕೇಳಿದೆ. ಹಿಂದಿನ ಆಪಾ ಆಗಿದ್ದರೆ ನಾಳೆಯೇ ಬರುತ್ತಾನೆ ಎಂದು ವಿಮಾನದ ಬಣ್ಣ ಸಮೇತ ಹೇಳುತ್ತಿದ್ದಳು. ಹಾಗೆ ಹೇಳಲಿ ಎಂದು ನನ್ನ ಜೀವವೆಲ್ಲ ಬೇಡುತ್ತಿತ್ತು.

“ಗೊತ್ತಿಲ್ಲ ಅಕ್ಕೋರ” ಎಂದಳು.

ಆಕೆಯ ಪಕ್ಕದಿಂದ ಎದ್ದು ಹೋಗಿ ದೂರ ಕೂತೆ. ಆಕೆ ಕರೆಯಲಿಲ್ಲ. ಸಂಜೆ ಒಂದು ಬನ್ನು, ಚಹಾ ತಂದು ಪಕ್ಕದಲ್ಲಿಟ್ಟು ಮತ್ತೆ ಹಗ್ಗದ ಹತ್ತಿರ ಹೋದಳು.

ಹನ್ನೊಂದನೆಯ ದಿನ ಮಧ್ಯಾಹ್ನ ಅವರು ಬಂದರು. ಗಡ್ಡ ಬೆಳೆದಿತ್ತು, ಅಂಗಿ ಯಾರದೋ. ನಾನು ಹೆಸರು ಹಿಡಿದು ಕೂಗಿಬಿಟ್ಟೆ, ಮದುವೆಯಾದಾಗಿನಿಂದ ಮೊದಲ ಸಲ. ಅವರು ನನ್ನನ್ನು ನೋಡಿದರು. ನೋಡಿ, ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಹುಡುಕಿದರು.

“ಮಸ್ಕಿ ಸೈಕಲ್ ಅಂಗಡಿಯವರು ಬಂದಾರೇನು?”

“ಇಲ್ಲ.”

“ಬರಲಿಲ್ಲಲ್ಲ, ಚಲೋ ಆತು” ಎಂದು ಅಲ್ಲೇ ನೆಲದ ಮೇಲೆ ಕೂತರು. ಅವರ ಹಿಂದೆ ಹುಡುಗನಿರಲಿಲ್ಲ. ಆಪಾ ರಟ್ಟನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಮಸ್ಕಿಯ ಹುಡುಗನ ಹೆಸರಿಗೆ ಆಕೆ ಗೆರೆ ಎಳೆಯಲಿಲ್ಲ.

ಏಳರಲ್ಲಿ ಉಳಿದಿದ್ದ ಒಬ್ಬಾತ ಬಸ್ರಾದ ಕಡೆಯಿಂದ ತಡವಾಗಿ ಹೊರಟಿದ್ದಾನೆಂದು ನಮ್ಮವರು ಹೇಳಿದರು. ಅವನು ಆಮೇಲೆ ಕ್ಷೇಮವಾಗಿ ಬಂದ. ನಾವು ಮೂವರು ಊರಿಗೆ ಹೊರಟೆವು. ರಾಯಚೂರಿನಲ್ಲಿ ಇಳಿದ ಮೇಲೆ ಕವಿತಾಳದ ದಾರಿ ಹಿಡಿದರೆ ನೇರ ಮನೆಗೆ ಹೋಗಬಹುದಿತ್ತು. ಮಾನವಿ, ಸಿಂಧನೂರಿನ ಬಸ್ಸು ಹತ್ತಿದರೆ ದಾರಿಯಲ್ಲಿ ಮಸ್ಕಿ. ಆಪಾ ಯಾರನ್ನೂ ಕೇಳದೆ ಸಿಂಧನೂರಿನ ಬಸ್ಸಿಗೆ ನಡೆದಳು.

ಕಾಲುವೆಯ ಎರಡೂ ಕಡೆ ಭತ್ತದ ಗದ್ದೆ ಹಸಿರಾಗಿತ್ತು. ನಮ್ಮವರು ಅತ್ತ ನೋಡಲೇ ಇಲ್ಲ. ಸಿಂಧನೂರಿನಲ್ಲಿ ಬಸ್ಸು ಬದಲಿಸಲು ನಿಂತಾಗ ಒಮ್ಮೆಲೇ ಹೇಳಿದರು.

“ಆಪಾ, ಇದ್ದಂಗ ಹೇಳಾಕ ನನ್ನಿಂದ ಆಗಂಗಿಲ್ಲ. ದವಾಖಾನಿಯಾಗ ಇಟ್ಟಿದ್ರು, ಡಾಕ್ಟರ್ ಭಾಳ ನೋಡಿದ್ರು, ಗಿಡದ ನೆಳ್ಳಿಗೆ ಮಣ್ಣು ಮಾಡೀವಿ ಅಂತ ಹೇಳೋಣು. ನೀವ ಹೇಳ್ರಿ. ನಿಮ್ಮ ಬಾಯಾಗ ಬಂದ್ರ ಕಣ್ಣಿಗಿ ಕಟ್ಟಿದಂಗ ಇರ್ತದ.”

“ಹೌದ್ರಿ ಆಪಾ” ಎಂದೆ ನಾನು. “ಇದೊಂದು ಸಲ.”

ಆಕೆ ಬಸ್ಸು ಬರುವ ಕಡೆ ಮುಖ ಮಾಡಿದಳು. ಮಸ್ಕಿಯ ಬಸ್ಸು ಬಂತು, ಹತ್ತಿದೆವು. ಅಷ್ಟು ಸಣ್ಣ ದಾರಿ ಅಷ್ಟು ಉದ್ದವಾದದ್ದು ನಾನು ಮತ್ತೆಂದೂ ಕಂಡಿಲ್ಲ.

ಸೈಕಲ್ ಅಂಗಡಿಯವರು ನೀರಿನ ಬುಟ್ಟಿಯಲ್ಲಿ ಟ್ಯೂಬು ಅದ್ದಿ ತೂತು ಹುಡುಕುತ್ತಿದ್ದರು. ಬಸ್ಸಿನಿಂದ ಇಳಿದು ಬರುತ್ತಿದ್ದ ನಮ್ಮನ್ನು ದೂರದಿಂದಲೇ ಕಂಡರು. ಮೂವರನ್ನು ನೋಡಿದರು, ನಮ್ಮ ಹಿಂದಿನ ರಸ್ತೆಯನ್ನು ನೋಡಿದರು. ನಾವು ಹತ್ತಿರ ಬರುವವರೆಗೂ ಟ್ಯೂಬನ್ನು ನೀರಿನಲ್ಲೇ ಹಿಡಿದಿದ್ದರು. ಒಳಗಿನಿಂದ ಅವರ ಹೆಂಡತಿ ಬಂದು ಬಾಗಿಲ ಚೌಕಟ್ಟನ್ನು ಹಿಡಿದು ನಿಂತರು. ನಮ್ಮವರು ಬಾಯಿ ತೆರೆಯಬೇಕಾಗಲಿಲ್ಲ. ಆ ತಾಯಿ ಅಲ್ಲೇ ಕುಸಿದು ಕೂತರು, ನಾನು ಹೋಗಿ ಅವರನ್ನು ಹಿಡಿದುಕೊಂಡೆ.

ಸೈಕಲ್ ಅಂಗಡಿಯವರು ಟ್ಯೂಬನ್ನು ಕೆಳಗಿಟ್ಟು ಮಾತಾಡಿದರು. ನಮ್ಮವರೊಡನೆ ಅಲ್ಲ, ಆಪಾನೊಡನೆ.

“ಅವ ಇರೋ ಜಾಗಾ ಹೆಂತಾದ್ದು ಆಪಾ? ಹೇಳು.”

ನಾನು ಆಕೆಯ ಮುಖ ನೋಡಿದೆ. ಹೇಳಿಬಿಡು, ಗಿಡ ಇದೆ ಎಂದು ಹೇಳು, ಪಕ್ಕದಲ್ಲಿ ನೀರು ಹರಿಯುತ್ತದೆ ಎಂದು ಹೇಳು, ಕತ್ತರಿಯಿಲ್ಲದಿದ್ದರೆ ಬೆರಳಿನಿಂದಲಾದರೂ ತೋರಿಸು.

“ನಾ ನೋಡಿಲ್ಲ ಅಣ್ಣಾರ. ನೋಡಿದಾವ ಇಲ್ಲೇ ಅದಾನ.” ನಮ್ಮವರ ಕಡೆ ತಿರುಗಿದಳು. “ಇದ್ದದ್ದು ಇದ್ದಂಗ ಹೇಳು ತಮ್ಮಾ. ಏನೂ ಕೂಡಸಬ್ಯಾಡ.”

ನಮ್ಮವರು ಹೇಳಿದರು. ದವಾಖಾನೆ ಇರಲಿಲ್ಲ, ಒಂದು ಡೇರೆ ಇತ್ತು, ಡಾಕ್ಟರು ದಿನಕ್ಕೊಮ್ಮೆ ಬರುತ್ತಿದ್ದರು. ನೀರಿನ ಟ್ಯಾಂಕರು ಬೆಳಿಗ್ಗೆ ಮಾತ್ರ. ಹುಡುಗ ಕೊನೆಯ ದಿನ ಮಜ್ಜಿಗೆ ಕೇಳಿದ, ಸಿಗಲಿಲ್ಲ. ಗಿಡವಿಲ್ಲ, ಎಲ್ಲಿ ನೋಡಿದರೂ ಕರಿಕಲ್ಲು, ಗಾಳಿ. ಆರು ಜನ ಸೇರಿ ತಗ್ಗು ತೋಡಿದರು, ಇಬ್ಬರು ಮಲಯಾಳಿಗಳು, ಒಬ್ಬ ಬಿಹಾರದವ, ಉಳಿದವರ ಊರು ಗೊತ್ತಿಲ್ಲ. ತಲೆಯ ಕಡೆ ಒಂದು ದೊಡ್ಡ ಕಲ್ಲಿಟ್ಟು, ಇದ್ದಿಲಿನಿಂದ ಹೆಸರು, ಊರು ಬರೆದರು.

“ಮಸ್ಕಿ ಅಂತ ಬರದಿರೇನು?”

“ಬರದೀವ್ರಿ. ಕನ್ನಡದಾಗ.”

“ಉಳದಿರ್ತದೇನು?”

“ಗಾಳಿ ಭಾಳ ಅದರಿ. ಉಳದಿರಾಕಿಲ್ಲ.”

ಅವರು ತಲೆಯಾಡಿಸಿದರು. “ಇನ್ನೊಮ್ಮೆ ಹೇಳು” ಎಂದರು. ನಮ್ಮವರು ಮೊದಲಿನಿಂದ ಮತ್ತೊಮ್ಮೆ ಹೇಳಿದರು. ಎರಡೂ ಸಲ ಆಪಾ ನಿಂತೇ ಕೇಳಿದಳು. ಆಮೇಲೆ ಆ ಮನುಷ್ಯ ಆಕೆಗೆ “ನೀ ಹೋಗು” ಎಂದರು. ಸಿಟ್ಟಿನಿಂದ ಅಂದರೋ ಸಾಕಾಗಿ ಅಂದರೋ ತಿಳಿಯಲಿಲ್ಲ. ಆಕೆ ಬಸ್‌ಸ್ಟ್ಯಾಂಡಿಗೆ ಒಬ್ಬಳೇ ನಡೆದು ಹೋದಳು.

ನಮ್ಮವರು ಮತ್ತೆ ಪರದೇಶಕ್ಕೆ ಹೋಗಲಿಲ್ಲ. ಹಳೆಯ ಗ್ಯಾರೇಜಿಗೇ ಸೇರಿದರು. ನಿಧಾನಕ್ಕೆ ಗೋಡೆಯಾಚೆ ಮಷೀನಿನ ಸಪ್ಪಳ ಶುರುವಾಯಿತು. ಅತ್ತೆ ಆಕೆಯೊಡನೆ ಮಾತಾಡಲು ಎರಡು ವರ್ಷ ಹಿಡಿಯಿತು, ಅದೂ ಒಂದು ದಿನ ಜಂಪರಿನ ತೋಳು ಬಿಗಿಯಾಯಿತು ಎಂದು ಜಗಳ ತೆಗೆಯುವ ನೆಪದಲ್ಲಿ. ಶುಕ್ರವಾರದ ಕಟ್ಟೆ ಮಾತ್ರ ಖಾಲಿಯೇ ಉಳಿಯಿತು. ಜನ ಮತ್ತೆ ಪರದೇಶಕ್ಕೆ ಹೋಗತೊಡಗಿದ್ದರು. ಯಾವ ಊರು, ಯಾವ ವಿಮಾನ ಎಂದು ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೇಳಿಕೊಳ್ಳುತ್ತಿದ್ದರು. ಅಪ್ಪಿತಪ್ಪಿ ಯಾರಾದರೂ ಆಪಾನ ಮನೆಗೆ ಬಂದರೆ, “ನನಗ ಏನೂ ಗೊತ್ತಿಲ್ಲಪಾ” ಎಂದು ಕಳಿಸಿಬಿಡುತ್ತಿದ್ದಳು.

ಅದಾಗಿ ಆರೇಳು ವರ್ಷಗಳ ಮೇಲೆ ಒಂದು ದಿನ ಮೂವತ್ತರ ಆಸುಪಾಸಿನ ಗಂಡಸೊಬ್ಬ ಆಕೆಯ ಅಂಗಳಕ್ಕೆ ಬಂದು ನಿಂತ. ನಾನು ಬಟ್ಟೆ ಒಣಹಾಕುತ್ತಿದ್ದೆ. ಮಸ್ಕಿಯಿಂದ ಬಂದಿದ್ದೇನೆ, ವೈರಿಂಗ್ ಕೆಲಸಕ್ಕೆ ಮಸ್ಕತ್‌ಗೆ ಹೊರಟಿದ್ದೇನೆ, ನಿಮ್ಮನ್ನು ಕೇಳಿಕೊಂಡು ಹೋಗಬೇಕು ಎಂದ. ಆಪಾ ಮಷೀನಿನಿಂದ ಕಣ್ಣೆತ್ತದೆ, “ಯಾರು ಕಳಿಸ್ಯಾರ?” ಎಂದಳು.

“ನಮ್ಮ ಮಾವ. ಸೈಕಲ್ ಅಂಗಡಿಯಾವ.”

ಮಷೀನು ನಿಂತಿತು. ನಾನು ಒದ್ದೆ ಬಟ್ಟೆ ಹಿಡಿದು ಹಾಗೇ ನಿಂತೆ.

“ಏನಂತ ಹೇಳಿ ಕಳಿಸ್ಯಾರ?”

ಆ ಮನುಷ್ಯನಿಗೆ ಸ್ವಲ್ಪ ಸಂಕೋಚವಾಯಿತು. “ಲಿಂಗಸೂಗೂರಾಗ ಆಪಾನ್ನ ಕೇಳು. ಆಕಿ ನೋಡಿಲ್ಲದ್ದನ್ನ ನೋಡಿಲ್ಲ ಅಂತಾಳ, ಅಂದ್ರು.”

ಆಪಾ ಎದ್ದಳು. ಸೆರಗಿನಿಂದ ಸ್ಟೂಲನ್ನು ಒರೆಸಿ ಅವನ ಮುಂದಿಟ್ಟಳು.

“ಕುಂದ್ರು. ಮೊದಲ ಹೇಳ್ತೀನಿ ಕೇಳು, ಮಸ್ಕತ್ ನಾ ನೋಡಿಲ್ಲ” ಎಂದಳು.